ಬೇಸ್ ನಿಂತ ಹದಿನೇಳು ನಿಮಿಷಕ್ಕೆ ಬಿದ್ದ ವೇದಿಕೆ

ಬ್ಯಾಂಡಿನವರೆಲ್ಲ ಅಕ್ಕ ಎಂದು ಕರೆಯುವ ನಾನು, ವಯಸ್ಸು 43 ವರ್ಷ, ಕಸುಬು ನೀರಿನ ಟ್ಯಾಂಕ್ ಕಾರ್ಖಾನೆಯಲ್ಲಿ ಬೆಸುಗೆ ಪರೀಕ್ಷಕಿ, ವಾಸ ಅದೇ ಕಾರ್ಖಾನೆಯ ಹಿಂದಿನ ರಸ್ತೆಯ ಮೂರನೇ ಕಟ್ಟಡದ ಎರಡನೇ ಮಹಡಿ, ಈ ದಿನ ಬೆಳಿಗ್ಗೆ 11.20ಕ್ಕೆ ಠಾಣೆಗೆ ಹಾಜರಾಗಿ, ನಿನ್ನೆ ಭಾನುವಾರ ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳಿ ಬರೆಸುವುದೇನೆಂದರೆ:

ನಾನು ಸದರಿ ಕಾರ್ಖಾನೆಯಲ್ಲಿ 19 ವರ್ಷಗಳಿಂದ ಕೆಲಸ ಮಾಡಿಕೊಂಡಿರುತ್ತೇನೆ. ಟ್ಯಾಂಕಿನ ಬೆಸುಗೆಯ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿ, ಬರುವ ಶಬ್ದದಿಂದ ಗಟ್ಟಿಯೋ ಟೊಳ್ಳೋ ಹೇಳುವುದು ನನ್ನ ಕೆಲಸ. ಇದಲ್ಲದೆ 11 ವರ್ಷಗಳಿಂದ ನಾಲ್ಕು ಜನರ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ಹಾಡುವವನು ನನ್ನ ಒಡಹುಟ್ಟಿದ ತಮ್ಮ. ಗಿಟಾರ್ ನುಡಿಸುವವರು ನಿವೃತ್ತ ಭೂಗೋಳ ಮೇಷ್ಟ್ರು. ಡ್ರಮ್ ಬಾರಿಸುವವನು ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವನು, ಅವನನ್ನು ನಾವು ಗುಡುಗು ಎಂದೇ ಕರೆಯುವುದು.

ವೇದಿಕೆ ಕಟ್ಟಿದ ಗುತ್ತಿಗೆದಾರರು ನನ್ನ ಬೇಸಿನ ಶಬ್ದದಿಂದಲೇ ವೇದಿಕೆ ಕುಸಿಯಿತೆಂದು ದೂರು ಬರೆದುಕೊಟ್ಟಿರುವುದು ಇಂದು ಬೆಳಿಗ್ಗೆ ತಿಳಿಯಿತು. ಆದ್ದರಿಂದ ನನ್ನ ಸಾಮಾನುಗಳ ಬಗ್ಗೆ ಮೊದಲೇ ಹೇಳುತ್ತೇನೆ. ಬೇಸ್ ನೋಡಲು ಗಿಟಾರಿನಂತೆಯೇ, ತಂತಿ ದಪ್ಪ, ಸ್ವರ ತಗ್ಗು. ನನ್ನದರ ಉದ್ದ 46 ಇಂಚು, ತೂಕ ನಾಲ್ಕೂವರೆ ಕೆಜಿ. ಅದರ ಶಬ್ದ ಹೊರಡುವುದು ಆಂಪ್ ಎಂಬ ಸ್ಪೀಕರ್ ಪೆಟ್ಟಿಗೆಯಿಂದ, ಅದು 31 ಕೆಜಿ. ತಮ್ಮನ ಸಾಮಾನು ಒಂದು ಮೈಕು, ಜೇಬಿಗೆ ಹಾಕಿಕೊಂಡು ಬರುತ್ತಾನೆ. ಎರಡು ತಿಂಗಳ ಹಿಂದೆ ನಾನು ನಾಲ್ಕು ತಂತಿಯ ಬೇಸನ್ನು ಬಿಟ್ಟು, ಇನ್ನೂ ತಗ್ಗಿನ ಸ್ವರಕ್ಕಾಗಿ ಐದು ತಂತಿಯದನ್ನು ತೆಗೆದುಕೊಂಡೆನು. ಆಗ ತಮ್ಮನು, ಅಕ್ಕ, ನಾಲ್ಕು ತಂತಿಯದ್ದೇ ಯಾರ ಕಿವಿಗೂ ಬೀಳಲ್ಲ, ಐದನೇದನ್ನ ಯಾರಿಗೆ ಕೇಳಿಸ್ತೀಯಾ ಎಂದು ನಕ್ಕಿದ್ದನು. ಬೇಸ್ ನುಡಿಸುವವರಿಗೆ ಇಂಥದ್ದೆಲ್ಲ ರೂಢಿ.

ನಿನ್ನೆ ಚಾಲಕರ ಸಂಘದ ಇಪ್ಪತ್ತೈದನೇ ವಾರ್ಷಿಕೋತ್ಸವವಿದ್ದು, ಮಧ್ಯಾಹ್ನ 2.10ಕ್ಕೆ ನಾವು ಆಟದ ಮೈದಾನ ತಲುಪಿದೆವು. ವೇದಿಕೆ 40 ಅಡಿ ಅಗಲ, ನೆಲದಿಂದ 4 ಅಡಿ ಎತ್ತರ. ನಾಲ್ಕು ಮೂಲೆಗಳಲ್ಲಿ 20 ಅಡಿಯ ಕಬ್ಬಿಣದ ಕಂಬ, ಅವುಗಳ ಮೇಲೆ ಪೈಪಿನ ಚೌಕಟ್ಟು, ಅದಕ್ಕೆ ದೀಪಗಳನ್ನು ತೂಗುಹಾಕಿದ್ದರು. ಹತ್ತಲು ಎಡಗಡೆ ಒಂದೇ ಮೆಟ್ಟಿಲು, ಅಗಲ 3 ಅಡಿ. ಎಂದಿನಂತೆ ನನಗೆ ಕೊಟ್ಟ ಜಾಗ ಡ್ರಮ್ಮಿನ ಪಕ್ಕ, ಹಿಂದಿನ ಬಲಮೂಲೆಯ ಕಂಬದಿಂದ ಎರಡು ಅಡಿ. ದೀಪದ ಬೆಳಕು ಅಲ್ಲಿಗೆ ಬರುವುದಿಲ್ಲ.

ಸಂಜೆ 4.30ಕ್ಕೆ ಕಾರ್ಯಕ್ರಮ ಶುರುವಾಯಿತು. ಆರುನೂರು ಕುರ್ಚಿ ತುಂಬಿದ್ದವು. ಐದನೇ ಹಾಡಿಗೆ ಚಾಲಕರ ಮಕ್ಕಳು 26 ಜನ ವೇದಿಕೆಗೆ ಬಂದು ನಮ್ಮ ಜೊತೆ ಹಾಡಿ ಕುಣಿಯುವುದಿತ್ತು. ಅವರು ಹಳದಿ ಅಂಗಿ ಹಾಕಿಕೊಂಡು ಮೆಟ್ಟಿಲ ಬಳಿ ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಚಿಕ್ಕವಳಿಗೆ ಆರು ವರ್ಷವಿರಬಹುದು, ಅಂಗಿಯ ತೋಳು ಉದ್ದವಾಗಿದ್ದು ಬೆರಳು ಕಾಣುತ್ತಿರಲಿಲ್ಲ.

ಮೂರನೇ ಹಾಡಿನಲ್ಲಿ ಐದನೇ ತಂತಿ ಮೀಟಿದಾಗಲೆಲ್ಲ ಎಲ್ಲಿಂದಲೋ ಕಿಣಿಕಿಣಿ ಎಂಬ ಸದ್ದು ಬರತೊಡಗಿತು. ಇಂಥ ಸಮಯದಲ್ಲಿ ಬೇಸಿನವರು ಮೊದಲು ಅನುಮಾನಿಸುವುದು ತಮ್ಮ ಸಾಮಾನನ್ನೇ. ಆಂಪಿನ ಮುಂಭಾಗದ ಜಾಲರಿಗೆ ಮೊಣಕಾಲು ಒತ್ತಿ ನೋಡಿದೆನು, ಸದ್ದು ಹೋಗಲಿಲ್ಲ. ಸಣ್ಣ ಡ್ರಮ್ಮಿನ ಕೆಳಗಿನ ತಂತಿಗಳೂ ಹೀಗೆ ಅದುರುವುದುಂಟು. ಅವನ್ನು ಸಡಿಲಿಸುವಂತೆ ಗುಡುಗುವಿಗೆ ಕೈಸನ್ನೆ ಮಾಡಿದೆನು, ಸಡಿಲಿಸಿದನು, ಆಗಲೂ ಹೋಗಲಿಲ್ಲ. ನಂತರ ತಂತಿಯನ್ನು ಅಂಗೈಯಿಂದ ಒತ್ತಿ ಸ್ವರವನ್ನು ನಿಲ್ಲಿಸಿದೆನು. ಸ್ವರ ನಿಂತ ಮೇಲೂ ಕಿಣಿಕಿಣಿ ಎರಡು ಸೆಕೆಂಡು ಮುಂದುವರಿಯಿತು. ಬಿಗಿಯಾಗಿ ಕೂತ ವಸ್ತು ಹಾಗೆ ಮಾಡುವುದಿಲ್ಲ.

ಡ್ರಮ್ ಬಿಗಿಸುವ ಕಬ್ಬಿಣದ ಕೀಲಿಯನ್ನು ಗುಡುಗುವಿನಿಂದ ತೆಗೆದುಕೊಂಡು, ಹಾಡಿನ ಮಧ್ಯೆ ಬೇಸ್ ಇಲ್ಲದ ಎಂಟು ತಾಳಗಳಲ್ಲಿ ಪಕ್ಕದ ಕಂಬದ ಕೀಲುಗಳನ್ನು ತಟ್ಟಿದೆನು. ಎರಡು ಕೀಲು ಠಣ್ ಎಂದವು. ಮೂರನೆಯದು ಠಪ್ ಎಂದಿತು. ಬಗ್ಗಿ ನೋಡಲಾಗಿ, ಕಬ್ಬಿಣದ ಪಿನ್ನು ಇರಬೇಕಾದ ತೂತಿನಲ್ಲಿ ಕಟ್ಟು ತಂತಿಯನ್ನು ಮೂರು ಸುತ್ತು ಸುತ್ತಿದ್ದರು. ಅದು ಸವೆದು ಒಂದು ಸುತ್ತು ಬಿಟ್ಟಿತ್ತು.

ಸಮಯ 4.49. ನಾನು ನುಡಿಸುವುದನ್ನು ನಿಲ್ಲಿಸಿದೆನು. 11 ವರ್ಷಗಳಲ್ಲಿ ಜ್ವರವಿದ್ದಾಗಲೂ ನಾನು ಹಾಡಿನ ನಡುವೆ ನಿಲ್ಲಿಸಿದವಳಲ್ಲ. ಬೇಸ್ ಇರುವಾಗ ಅದರ ಕಡೆ ಯಾರ ಗಮನವೂ ಇರುವುದಿಲ್ಲ. ಹೋದಾಗ ಮಾತ್ರ ಹಾಡಿನ ಕಾಲ ಕೆಳಗಿನ ನೆಲ ಸರಿದಂತಾಗುತ್ತದೆ. ಕುರ್ಚಿಗಳ ನಡುವೆ ಕುಣಿಯುತ್ತಿದ್ದವರು ನಿಂತರು, ತಮ್ಮನು ತಿರುಗಿ ನೋಡಿದನು. ನಾನು ಅವನ ಕಿವಿಯಲ್ಲಿ, ಕಂಬ ಬೀಳುತ್ತೆ, ಮುಂದಿನ ಸಾಲಿನವರನ್ನ ಹಿಂದಕ್ಕೆ ಕಳಿಸು, ಗಾಬರಿ ಮಾಡಬೇಡ ಎಂದೆನು. ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮೈಕಿನಲ್ಲಿ ನಗುನಗುತ್ತಾ, ಮುಂದಿನ ಆರು ಸಾಲಿನವರು ದಯವಿಟ್ಟು ಎದ್ದು ಮೈದಾನದ ಆ ತುದಿಗೆ ಹೋಗಬೇಕು, ಎಲ್ಲರೂ ಒಂದೇ ಫೋಟೋದಲ್ಲಿ ಬರಬೇಕಂತೆ ಎಂದು ಹೇಳಿದನು. ಜನ ಕುರ್ಚಿ ಎತ್ತಿಕೊಂಡೇ ನಡೆದರು.

ಅಷ್ಟರಲ್ಲಿ ಮಕ್ಕಳನ್ನು ಹತ್ತಿಸಲು ಅವರ ಶಾಲೆಯ ಶಿಕ್ಷಕಿ ಮೆಟ್ಟಿಲಿಗೆ ಬಂದರು. ನಾನು ಓಡಿಹೋಗಿ ಬೇಸನ್ನು ಮೆಟ್ಟಿಲಿಗೆ ಅಡ್ಡವಾಗಿ ಹಿಡಿದು ನಿಂತೆನು. ಸಂಘದ ಕಾರ್ಯದರ್ಶಿಯವರು ಬಂದು, ಅತಿಥಿಗಳು ಕಾಯುತ್ತಿದ್ದಾರೆ, ನೀವು ಬಂದಿರೋದು ನುಡಿಸೋಕೋ ಕಂಬ ತಟ್ಟೋಕೋ ಎಂದು ಕೂಗಿದರು. ಎರಡಕ್ಕೂ ಬಂದಿದ್ದೇನೆ, ಎರಡೂ ನನಗೆ ಬರುತ್ತೆ ಎಂದೆನು. ನಿಮ್ಮ ಬ್ಯಾಂಡಿಗೆ ಮುಂದೆ ಇಲ್ಲಿ ಕೆಲಸ ಸಿಗಲ್ಲ ಎಂದೂ ಹೇಳಿದರು. ನಾನು ಸರಿಯಲಿಲ್ಲ. ಶಿಕ್ಷಕಿ ನನ್ನ ಮುಖವನ್ನೇ ನೋಡುತ್ತಿದ್ದವರು, ಯಾರ ಅಪ್ಪಣೆಗೂ ಕಾಯದೆ ಮಕ್ಕಳ ಕಡೆ ತಿರುಗಿ, ಕೈ ಕೈ ಹಿಡ್ಕೊಳ್ಳಿ, ಹಿಂದಕ್ಕೆ ನಡೀರಿ ಎಂದರು. ನಾನು ಬೇಸನ್ನು ಕೆಳಗಿಳಿಸಿದ್ದು ಆಗ.

4.58ಕ್ಕೆ ವಿದ್ಯುತ್ ನೋಡಿಕೊಳ್ಳುವವರು ವೇದಿಕೆಯ ಸ್ವಿಚ್ಚನ್ನು ಆರಿಸಿದರು. ಮೇಷ್ಟ್ರು ತಮ್ಮ ಗಿಟಾರನ್ನು, ಗುಡುಗು ಸಣ್ಣ ಡ್ರಮ್ಮನ್ನು ಎತ್ತಿಕೊಂಡರು. ನಾನು ಆಂಪನ್ನು ಹೊತ್ತು ಇಳಿಸಿ, ಅದರ ವೈರನ್ನು ಸುತ್ತಿ ಹಿಡಿಕೆಗೆ ಕಟ್ಟಿ, ವೇದಿಕೆಯಿಂದ 45 ಅಡಿ ದೂರದ ಬೇವಿನ ಮರದ ಬುಡದಲ್ಲಿ ಇಟ್ಟೆನು. ಅಂಥ ಹೊತ್ತಿನಲ್ಲಿ ಪೆಟ್ಟಿಗೆ ಏಕೆ ಹೊತ್ತಿರಿ ಎಂದು ತಾವು ಕೇಳಿದ್ದೀರಿ. ಅದನ್ನು ಬಿಟ್ಟು ಬಂದು ನನಗೆ ಅಭ್ಯಾಸವಿಲ್ಲ.

5.01ಕ್ಕೆ ಗುತ್ತಿಗೆದಾರರು ಬಂದರು. ಹದಿನಾಲ್ಕು ವರ್ಷದಿಂದ ವೇದಿಕೆ ಕಟ್ತಿದೀನಿ, ಒಂದು ಮೊಳೆ ಬಿದ್ದಿಲ್ಲ, ಹೆಂಗಸಿನ ಮಾತು ಕೇಳಿ ಕುಣೀತೀರಲ್ಲ ಎಂದು ಎಲ್ಲರ ಎದುರಿಗೆ ಹೇಳಿ, ತಾವೇ ಮೇಲೆ ಹೋಗಿ ವೇದಿಕೆಯ ನಟ್ಟನಡುವೆ ಕೈಕಟ್ಟಿ ನಿಂತರು. ಕೆಲವರು ಚಪ್ಪಾಳೆ ತಟ್ಟಿದರು. ನನಗೆ ಸಿಟ್ಟು ಬಂದಿದ್ದು ನಿಜ. ಆದರೂ ಮತ್ತೆ ಮೆಟ್ಟಿಲು ಹತ್ತಿದೆನು. ತಮ್ಮನು ಕೆಳಗಿನಿಂದ, ಬೇಡಕ್ಕ ಎಂದು ಕೂಗಿದ್ದು ಕೇಳಿಸಿತು. ನಾನು ಗುತ್ತಿಗೆದಾರರಿಗೆ, ನನ್ನ ಮಾತು ನಂಬಬೇಡಿ, ಹಿಂದಿನ ಬಲಮೂಲೆಯ ಆ ಕಂಬಕ್ಕೆ ಬಂದು ಅಂಗೈ ಇಡಿ ಅಷ್ಟೇ ಎಂದೆನು. ಇಟ್ಟರು. ಆಗ ಯಾವ ವಾದ್ಯವೂ ನುಡಿಯುತ್ತಿರಲಿಲ್ಲ, ಆದರೂ ಕಂಬವು ಗಾಳಿಗೆ ಒಳಗೊಳಗೇ ನಡುಗುತ್ತಿತ್ತು. ಗುತ್ತಿಗೆದಾರರು ಮೆಟ್ಟಿಲಿಗೂ ಕಾಯದೆ ನಾಲ್ಕು ಅಡಿ ಕೆಳಗೆ ಹಾರಿದರು. ನಾನೂ ಹಾರಿದೆನು. ಸಮಯ 5.03.

5.06ಕ್ಕೆ ಹಿಂದಿನ ಬಲಗಡೆಯ ಕಂಬ ಮಡಚಿಕೊಂಡು, ಚೌಕಟ್ಟು, ದೀಪಗಳು, ಉಳಿದ ಮೂರು ಕಂಬ ಎಲ್ಲವೂ ವೇದಿಕೆಯ ಮೇಲೂ ಮುಂದಿನ ಸಾಲುಗಳ ಜಾಗದ ಮೇಲೂ ಬಿದ್ದವು. ಆ ಸದ್ದು ನನ್ನ ಐದನೇ ತಂತಿಗಿಂತಲೂ ತಗ್ಗಿನದು. ದೂಳು ಇಳಿಯುವ ಮೊದಲೇ ಶಿಕ್ಷಕಿ ಒಬ್ಬೊಬ್ಬರ ತಲೆ ಮುಟ್ಟಿ ಎಣಿಸತೊಡಗಿದರು. ನಾನೂ ಮನಸ್ಸಿನಲ್ಲಿ ಎಣಿಸಿದೆನು. ಇಪ್ಪತ್ತಾರು ಸರಿಯಾಗಿತ್ತು. ಯಾರಿಗೂ ಒಂದು ಗೀರು ಸಹ ಆಗಿರುವುದಿಲ್ಲ. ದೊಡ್ಡ ಡ್ರಮ್ಮು ಮತ್ತು ಮೇಷ್ಟ್ರ ಆಂಪ್ ಅಪ್ಪಚ್ಚಿಯಾದವು. 5.20ಕ್ಕೆ ಬಂದೋಬಸ್ತಿಗೆ ಬಂದಿದ್ದ ಪೇದೆಯವರಿಗೆ ಮುರಿದ ಕೀಲಿನಲ್ಲಿದ್ದ ಕಟ್ಟು ತಂತಿಯನ್ನು ತೋರಿಸಿದೆನು, ಅವರು ಅದನ್ನು ಲಕೋಟೆಯಲ್ಲಿ ಹಾಕಿಕೊಂಡರು.

ಇಷ್ಟಾದ ಮೇಲೆ ಜನ ಮನೆಗೆ ಹೋಗಬಹುದಿತ್ತು, ಹೋಗಲಿಲ್ಲ. ಹಳದಿ ಅಂಗಿಯ ಚಿಕ್ಕವಳು ನನ್ನ ಬಳಿ ಬಂದು, ನಮ್ಮ ಹಾಡು ಇಲ್ವಾ ಎಂದು ಕೇಳಿದಳು. ಮೈದಾನದಲ್ಲಿ ಜೀವವಿದ್ದ ಆಂಪ್ ನನ್ನದೊಂದೇ. ಕಾವಲುಗಾರರ ಕೋಣೆಯಿಂದ ಉದ್ದದ ವೈರ್ ಎಳೆಸಿ 5.35ಕ್ಕೆ ಬೇವಿನ ಮರದ ಕೆಳಗೆ ನೆಲದ ಮೇಲೇ ಶುರು ಮಾಡಿದೆವು. ಆಂಪಿಗೆ ಎರಡೇ ತೂತು, ಒಂದಕ್ಕೆ ತಮ್ಮನ ಮೈಕು, ಇನ್ನೊಂದಕ್ಕೆ ಬೇಸು. ಮೇಷ್ಟ್ರ ಗಿಟಾರ್ ಅವರಿಗೇ ಕೇಳುತ್ತಿರಲಿಲ್ಲ. ಅವರು ನನ್ನ ಪಕ್ಕಕ್ಕೆ ವಾಲಿ, ನಿನ್ನ ಪಾಡು ಏನೂಂತ ಈಗ ಗೊತ್ತಾಯ್ತಮ್ಮ ಎಂದು ನಕ್ಕರು, ಕೊನೆಯವರೆಗೂ ಬಿಡದೆ ನುಡಿಸಿದರು. ತಮ್ಮನ ಧ್ವನಿ ಹಂಡೆಯೊಳಗಿಂದ ಬಂದಂತಿತ್ತು. ಮಕ್ಕಳ ಹಾಡಿಗೆ ಮೈಕು ಸಾಲದೆ ಆರುನೂರು ಜನವೂ ದನಿಗೂಡಿಸಿದರು. ಐದನೇ ತಂತಿ ಮೀಟಿದಾಗ ಅದರ ಕಂಪನ ಹುಲ್ಲಿನಿಂದ ಅಂಗಾಲಿಗೆ ಏರುತ್ತದೆಂದು ಮಕ್ಕಳು ಚಪ್ಪಲಿ ಬಿಚ್ಚಿ ನಿಂತರು. ನಾವು ನಿಲ್ಲಿಸಿದಾಗ 6.40. ಹನ್ನೊಂದು ವರ್ಷಗಳಲ್ಲಿ ಅಷ್ಟು ಚೆನ್ನಾಗಿ ನಾವು ನುಡಿಸಿರಲಿಲ್ಲ.

ನನ್ನ ಬೇಸಿನಿಂದ ವೇದಿಕೆ ಅಲುಗಾಡಿತೇ ಎಂದು ಕೇಳಲಾಗಿ ಉತ್ತರಿಸುವುದೇನೆಂದರೆ, ಅಲುಗಾಡಿತು. ಗಟ್ಟಿ ವೇದಿಕೆಯೂ ಅಲುಗಾಡಿ, ಸ್ವರದ ಜೊತೆಗೇ ಸುಮ್ಮನಾಗುತ್ತದೆ. ಬಿದ್ದಾಗ ನನ್ನ ಆಂಪ್ ಮರದ ಬುಡದಲ್ಲಿತ್ತು, ವೈರು ಹಿಡಿಕೆಗೆ ಸುತ್ತಿತ್ತು. ಸುತ್ತಿಟ್ಟ ವೈರಿನಿಂದ ಅಷ್ಟು ಶಬ್ದ ಹೊರಡುವುದಿದ್ದರೆ ನಾನು ಇಷ್ಟು ವರ್ಷ 31 ಕೆಜಿ ಹೊರುತ್ತಿರಲಿಲ್ಲ. ಗುತ್ತಿಗೆದಾರರು ಬದುಕಿರುವುದು ನನಗೆ ಸಂತೋಷ. ಅವರು ದೂರು ಬರೆದ ಕೈಯೂ ಕಂಬಕ್ಕೆ ಇಟ್ಟ ಕೈಯೂ ಒಂದೇ ಎಂಬುದನ್ನು ಅವರಿಗೆ ತಿಳಿಸಬೇಕಾಗಿ ಕೋರುತ್ತೇನೆ.

ಆಂಪನ್ನು ಸಾಕ್ಷಿಗಾಗಿ ಠಾಣೆಯಲ್ಲಿ ಇಟ್ಟುಕೊಳ್ಳುವುದಾದರೆ ಶನಿವಾರ ಮಧ್ಯಾಹ್ನದವರೆಗೆ ಅಭ್ಯಂತರವಿಲ್ಲ. ಅಂದು ಸಂಜೆ ಆ ಮಕ್ಕಳ ಶಾಲೆಯಲ್ಲಿ ನುಡಿಸಲು ಒಪ್ಪಿರುತ್ತೇವೆ. ಇಂದು ಬೆಳಿಗ್ಗೆ 8.15ಕ್ಕೆ ಶಿಕ್ಷಕಿ ತಮ್ಮನಿಗೆ ಫೋನ್ ಮಾಡಿದ್ದರು. ಅವರು ಕೇಳಿದ್ದು, ಬೇಸ್ ನುಡಿಸುವವರಿಗೆ ಆ ದಿನ ಬಿಡುವಿದೆಯೇ, ಇದ್ದರೆ ನೀವೂ ಬನ್ನಿ ಎಂದು.

ಹೇಳಿದ್ದನ್ನು ಹೇಳಿದಂತೆಯೇ ಬರೆದಿದ್ದಾರೆ. ಓದಿಸಿ ಕೇಳಿದೆನು, ಸೇರಿಸುವುದೂ ತೆಗೆಯುವುದೂ ಇಲ್ಲ, ಎಲ್ಲವೂ ನಿಜವೆಂದು ಒಪ್ಪಿ ಸಹಿ ಮಾಡಿರುತ್ತೇನೆ.

ಸ್ಥಳ: ಠಾಣೆಯ ಬರಹಗಾರರ ಕೊಠಡಿ
ದಿನ: ಸೋಮವಾರ, ಮಧ್ಯಾಹ್ನ 12.50
ಸಹಿ: ಬೆಸುಗೆ ಪರೀಕ್ಷಕಿ ಮತ್ತು ಬೇಸ್ ವಾದಕಿ