ಕೊರಳಲ್ಲಿ ಮೂರು ಜೊತೆ ಶೂ

ನಾನು ತಳ್ಳಿಲ್ಲ. ಎಷ್ಟು ಸಲ ಕೇಳಿದ್ರೂ ಅಷ್ಟೇ. ಹೊರಗೆ ಬೆಂಚಲ್ಲಿ ಕೂತಿರೋ ನನ್ನ ಗೆಳೆಯ ಕಡ್ಡಿಯ ಅಣ್ಣ ಏನು ಬೇಕಾದ್ರೂ ಅಂದ್ಕೊಳ್ಳಲಿ, ಅವನು ಅಲ್ಲಿರಲಿಲ್ಲ. ಬರ್ಕೊಳ್ಳಿ.

ಹೆಸರು ಆಗಲೇ ಕೊಟ್ಟ ಕಾರ್ಡಲ್ಲಿದೆ. ಕರೆಯೋದು ಹಗ್ಗ ಅಂತ. ವಯಸ್ಸು ಹತ್ತೊಂಬತ್ತು. ಓದು ಏಳನೇ ಕ್ಲಾಸಿಗೇ ಬಿಟ್ಟೆ. ಕೆಲಸ ಗೋದಾಮಲ್ಲಿ ಲಾರಿಗೆ ಲೋಡ್ ಹಾಕಿ ಹಗ್ಗ ಬಿಗಿಯೋದು. ವಾಸ ಗೋದಾಮಿನ ಹಿಂದಿನ ಓಣಿ, ಮೆಟ್ಟಿಲ ಕೆಳಗಿನ ರೂಮು. ನೀವು ಕೇಳಿದ್ದಕ್ಕೆ ಈ ಮೂಲಕ ತಿಳಿಸೋದು ಏನಂದ್ರೆ:

ಇವತ್ತು ಭಾನುವಾರ ಬೆಳಿಗ್ಗೆ ಎಂಟಕ್ಕೆ ನಾವು ಮೂವರು ಬಸ್ಸಿಳಿದು ಕಾಡಿಗೆ ಹೋದ್ವಿ. ನಾನು, ಬೇಕರಿ ಒಲೆ ಮುಂದೆ ಕೆಲಸ ಮಾಡೋ ಕಡ್ಡಿ, ಕಟಿಂಗ್ ಶಾಪಿನ ದಡಿಯ. ಚಳಿ ಹೋಗಿ ಮರ ಎಲ್ಲ ಚಿಗುರಿತ್ತು. ಕಡ್ಡಿ ಎಲೆ ಮುಟ್ಟಿ ಮುಟ್ಟಿ ನೋಡ್ತಿದ್ದ. ವರ್ಷವೆಲ್ಲ ಬೆಂಕಿ ಮುಂದೆ ನಿಂತವನಿಗೆ ಹಸಿರು ಕಂಡ್ರೆ ಹುಚ್ಚು ಹಿಡಿಯುತ್ತೆ ಅಂತ ದಡಿಯ ರೇಗಿಸಿದ. ನದಿ ದಾಟಿದಾಗ ನೀರು ಮೊಣಕಾಲಿಗೂ ಬರ್ತಿರಲಿಲ್ಲ. ಆಚೆ ದಡದಲ್ಲೇ ಮಧ್ಯಾಹ್ನದವರೆಗೆ ನಡೆದು, ಕಡ್ಡಿ ತಂದಿದ್ದ ಬನ್ನು ತಿಂದು, ವಾಪಸ್ ನದಿ ದಾಟೋ ಜಾಗಕ್ಕೆ ಬಂದ್ವಿ. ಯಾರೂ ಕುಡಿದಿರಲಿಲ್ಲ.

ನಮ್ಮಲ್ಲೊಂದು ರೂಲ್ಸು. ಇನ್ನೆಷ್ಟು ದೂರ ಅಂತ ಮೊದಲು ಕೇಳಿದವನು ನೀರು ದಾಟುವಾಗ ಎಲ್ಲರ ಶೂ ಹೊರಬೇಕು. ವಾಪಸ್ ಬರ್ತಾ ಕಡ್ಡಿ ಕೇಳಿದ. ಮೂರು ಜೊತೆಯ ಲೇಸು ಸೇರಿಸಿ ಅವನ ಕೊರಳಿಗೆ ನಾನೇ ಕಟ್ಟಿದೆ. ನಾನೇನು ಎತ್ತೇನೋ, ಗಂಟೆ ಕಟ್ತೀಯಲ್ಲ ಅಂತ ನಕ್ಕ. ಬಿಚ್ಚಿಹೋದ್ರೆ ಬರಿಗಾಲಲ್ಲಿ ಬಸ್ ಹತ್ತಬೇಕಾಗುತ್ತೆ ಮಗನೇ ಅಂದೆ. ಲೋಡಿಗೆ ಹಾಕೋ ಗಂಟನ್ನೇ ಹಾಕಿದೆ. ಎಳೆದಷ್ಟೂ ಬಿಗಿಯಾಗುತ್ತೆ ಅದು. ಬೇರೆ ಗಂಟು ನನ್ನ ಕೈಗೆ ಬರಲ್ಲ.

ನಾಲ್ಕು ಗಂಟೆಗೆ ನೀರು ಕೆಂಪಾಗಿ ಸೊಂಟದ ತನಕ ಬಂದಿತ್ತು. ಮೇಲೆಲ್ಲೋ ಮಳೆ ಬಿದ್ದಿರ್ಬೇಕು. ಬಸ್ಸು ತಪ್ಪುತ್ತೆ ಅಂತ ಇಳಿದ್ವಿ. ದಡಿಯ ಮುಂದೆ, ನಾನು ನಡುವೆ, ಕಡ್ಡಿ ಹಿಂದೆ. ಕಾಲು ಜಾರ್ತಿದೆ ಕಣೋ ಅಂದ. ತಿರುಗಿದೆ. ಮೂವರಲ್ಲಿ ಚೆನ್ನಾಗಿ ಈಜೋನು ಅವನೇ. ಈಜ್ತಿರಲಿಲ್ಲ. ಎರಡೂ ಕೈಲಿ ಗಂಟು ಬಿಚ್ತಿದ್ದ. ನಾನು ಚಾಚಿದ ಕೈ ಅವನು ಹಿಡೀಲೇ ಇಲ್ಲ, ಮುಳುಗಿಹೋದ.

ದಡಿಯ ರಸ್ತೆಗೆ ಓಡಿ ನಿಮಗೆ ಫೋನ್ ಮಾಡಿದ. ದೋಣಿ ಬಂತು, ಒಂದು ಕಿಲೋಮೀಟರ್ ಕೆಳಗೆ ಸೇತುವೆ ಹತ್ತಿರ ಒಂದು ಸುತ್ತು ಹಾಕ್ತು, ಹೋಯ್ತು. ಉಳಿದದ್ದು ನಾಳೆ ಅಂತ ಸಾಹೇಬ್ರು ಹೇಳಿದ್ರು. ಅವನು ಸೇತುವೆವರೆಗೆ ಹೋಗಿರಲ್ಲ ಸಾರ್. ಜಾರಿದ ಜಾಗದ ಕೆಳಗೇ ಮರದ ಬೇರುಗಳೆಲ್ಲ ನೀರೊಳಗಿವೆ. ಕೊರಳಲ್ಲಿ ಅಷ್ಟು ಶೂ ಇಟ್ಕೊಂಡು ಅಲ್ಲೇ ಸಿಕ್ಕಿಕೊಂಡಿರ್ತಾನೆ. ಗಂಟಂತೂ ಬಿಚ್ಚಿರಲ್ಲ. ನಾನು ಉಸಿರು ಕಟ್ಟೋ ತನಕ ಮುಳುಗಿ ಹುಡುಕಿದೆ, ಒಂದು ಲೇಸೂ ಸಿಗಲಿಲ್ಲ. ದೋಣಿ, ಟಾರ್ಚು, ಒಂದು ಚಾಕು ಕೊಡಿ ಅಂದ್ರೆ ಮೊದಲು ಹೇಳಿಕೆ ಅಂತೀರಿ. ಬದುಕಿದ್ದಾನೆ ಅಂತ ನಾನೇನು ಹೇಳ್ತಿಲ್ಲ. ಅವರಮ್ಮನಿಗೆ ಮುಖ ಆದ್ರೂ ತೋರಿಸ್ಬೇಕು. ರಾತ್ರಿಯೆಲ್ಲ ಅವನನ್ನ ಅಲ್ಲೇ ಕಟ್ಟಿಹಾಕಿ ಬಿಡೋದಾ?

ಹೇಳಿದ್ದೆಲ್ಲ ನಡೆದದ್ದೇ, ಒಂದಕ್ಷರ ಸುಳ್ಳಿಲ್ಲ. ತಳ್ಳಿಲ್ಲ ಅಂತ ಬರ್ದಿರಲ್ಲ, ಕಟ್ಟಿದ್ದು ನಾನೇ ಅಂತಾನೂ ಬರೀರಿ. ಓದಿ ಹೇಳೋದೇನೂ ಬೇಡ. ಕತ್ತಲಾಗ್ತಿದೆ. ನಾನು ಹೊರಟೆ.

ಸ್ಥಳ: ನದಿ ರಸ್ತೆ ಹೊರಠಾಣೆ
ದಿನ: ಭಾನುವಾರ, ಸಂಜೆ 6.40
ಸಹಿ: ಹಾಕಿಲ್ಲ. ಹೇಳಿಕೆ ಕೊಟ್ಟವರು ಮೇಜಿನ ಮೇಲಿದ್ದ ಠಾಣೆಯ ಟಾರ್ಚು ತೆಗೆದುಕೊಂಡು, ಬಾಗಿಲು ದಢಾರನೆ ಬಡಿದು ನದಿ ಕಡೆ ಹೋದರು.