ಬದಲಾಯಿಸದೆ ಬಿಟ್ಟ ಪಂಪು

...ಏಳಬೇಡ. ಕೂತಲ್ಲೇ ಕೂತಿರು ಅಂದೆ. ಇನ್ನೊಂದು ಸಲ ಎದ್ರೆ ಈ ಸ್ಪ್ಯಾನರ್ ಮೊಣಕಾಲಿಗೇ ಬೀಳುತ್ತೆ. ಬಾಯಿ ಒರೆಸ್ಕೋ, ರಕ್ತ ಬರ್ತಿದೆ. ಆ ಎಣ್ಣೆ ಬಟ್ಟೆ ಬೇಡ, ಕೀವಾಗುತ್ತೆ... ತಗೋ, ನನ್ನ ಕರ್ಚೀಫು. ಏನು ನೋಡ್ತೀಯ? ಹೊಡೆಯೋನೂ ನಾನೇ, ಕರ್ಚೀಫ್ ಕೊಡೋನೂ ನಾನೇ. ನಗು ಬರುತ್ತಾ ನಿಂಗೆ?

ಇಷ್ಟು ವರ್ಷ ನೀವು, ತಾವು, ರಗಿಬ್ ಮೇಸ್ತ್ರಿಗಳೇ ಅಂತಿದ್ದೆ. ಅಪ್ಪನ ಸ್ನೇಹಿತರು ಅಂತ. ಕೊನ್ಯಿತ್ಸ್ ಊರಲ್ಲಿ ಹಳೇ ಡೀಸೆಲ್ ಕಾರು ಇಟ್ಟೋರೆಲ್ಲ ನಿನ್ನ ಹೆಸರು ಹೇಳ್ಕೊಂಡೇ ಬದುಕೋದು. ಮೊನ್ನೆ ನಮ್ಮಣ್ಣ ಜಿಯಾದ್‌ನ ಮಣ್ಣು ಮಾಡಿದ್ವಲ್ಲ, ಅವತ್ತಿಂದ ನಿನಗೆ ನೀವೂ ಇಲ್ಲ, ತಾವೂ ಇಲ್ಲ. ಗೋರಿ ಹತ್ರ ಎಲ್ಲರೆದುರೇ ನಿನ್ನ ಕೆನ್ನೆಗೆ ಬಾರಿಸ್ದೆ. ನೀನು ಬಿದ್ದ ಟೋಪಿ ಎತ್ಕೊಂಡೆ, ಮಣ್ಣು ಕೊಡವ್ಕೊಂಡೆ, ನಿಂತೆ. ಅಷ್ಟೇ. ಇಮಾಮ್ ಸಾಹೇಬ್ರೇ ಬಂದು ನನ್ನನ್ನ ಹಿಡ್ಕೋಬೇಕಾಯ್ತು.

ಮಾತಾಡು. ಒಂದು ಮಾತು ಆಡು ನೋಡೋಣ.

ಪೊಲೀಸ್ನೋರು ಅಣ್ಣನ ಕಾರಿನ ಇಂಜಿನ್ ಬಿಚ್ಚಿಸಿ ನೋಡಿದ್ದಾರೆ. ಟೈಮಿಂಗ್ ಬೆಲ್ಟ್ ಹೊಸದು, ನೀನು ಹಾಕಿದ್ದು. ವಾಟರ್ ಪಂಪ್ ಹಳೇದು. ಆ ಪಂಪು ತಿರುಗದೆ ಕಚ್ಕೊಂಡು, ಹನ್ನೊಂದು ದಿನದ ಹೊಸ ಬೆಲ್ಟನ್ನ ಹರಿದು ಹಾಕಿದೆ. ಇಂಜಿನ್ ನಿಂತೇಹೋಯ್ತು. ಎಲ್ಲಿ? ಸುರಂಗದೊಳಗೆ, ತಿರುವಿನಲ್ಲಿ. ಹಿಂದೆ ದಿಮ್ಮಿ ತುಂಬಿದ ಲಾರಿ. ಅಣ್ಣನ್ನ ತಗಡು ಕತ್ತರಿಸಿ ತೆಗೆದ್ರು, ಗೊತ್ತಾ? ಗುರುತು ಹಿಡಿಯೋಕೆ ನಾನೇ ಹೋಗಿದ್ದು. ಮುಖ ಅನ್ನೋದು ಇರಲಿಲ್ಲ. ಕೈ ನೋಡಿ, ಉಂಗುರ ನೋಡಿ, ಹೌದು ಇವನೇ ಅಂದೆ.

ಬೆಲ್ಟ್ ಹಾಕೋವಾಗ ಪಂಪನ್ನೂ ಹೊಸದೇ ಹಾಕಬೇಕು ಅಂತ ನಮ್ಮೂರಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಪಂಪನ್ನ ತಿರುಗಿಸೋದೇ ಆ ಬೆಲ್ಟು. ನಲವತ್ತು ವರ್ಷದ ಕೈ ನಿಂದು, ಅರ್ಧ ಕೆಲಸ ಮಾಡಿ ಮುಚ್ಚಿದೆಯಲ್ಲ... ತಲೆ ಯಾಕೆ ಬಗ್ಗಿಸ್ತೀಯ? ಮೇಲೆ ನೋಡು. ಬಿಡು ಆ ಡಬ್ಬ, ಎತ್ತಬೇಡ. ಉರುಳಿಸಿದ್ದು ನಾನು, ಹಾಗೇ ಬಿದ್ದಿರಲಿ. ಇವತ್ತು ಇಲ್ಲಿ ಒಂದು ಗಾಜೂ ಉಳಿಸಲ್ಲ.

ಅಣ್ಣನ ಹೆಂಡ್ತಿ, ಅತ್ತಿಗೆ ಜೆನಾನ, ಬಂದು ಕೇಳಿದ್ಲಂತೆ, ಪಂಪು ಯಾಕೆ ಹಾಕಲಿಲ್ಲ ಅಂತ. 'ನನ್ನ ತಪ್ಪಮ್ಮ, ಮರೆತೆ' ಅಂದೆಯಂತೆ. ಮರೆತೆಯಾ? ನೀನು? ಬಿಗಿ ಮಾಡಿದ ಒಂದೊಂದು ನಟ್ಟಿಗೂ ಬಿಳಿ ಬಣ್ಣದ ಗುರುತು ಹಾಕೋನು, ಬೆಲ್ಟ್ ಹಾಕಿದ್ಮೇಲೆ ಇಂಜಿನ್ನನ್ನ ಕೈಯಲ್ಲೇ ಎರಡು ಸುತ್ತು ತಿರುಗಿಸಿ ನೋಡದೆ ಕೀಲಿ ಮುಟ್ಟದೋನು, ನೀನು ಮರೀತೀಯಾ? ಯಾರು ನಂಬ್ತಾರೆ ಅದನ್ನ?

ಅವಳು ನಂಬಿದ್ಲು. ಅವಳ ತಮ್ಮಂದಿರೂ ನಂಬಿದ್ರು. ಮಧ್ಯಾಹ್ನದ ನಮಾಜ್ ಮುಗಿಸಿ ಬರ್ತಾರೆ, ಮೂರು ಜನ. ನಿನ್ನ ಬೆರಳು ಒಂದೊಂದಾಗಿ ಮುರೀತಾರೆ. ಇನ್ನು ಈ ಜನ್ಮದಲ್ಲಿ ಸ್ಪ್ಯಾನರ್ ಹಿಡಿಯಲ್ಲ ನೀನು. ಅವರ ಕಿವಿ ಊದಿದೋನು ನಾನೇ. ಕೇಳಿಸ್ತಾ? ನಾನೇ.

ಹೆದರಿಕೆ ಆಗಲ್ವಾ? ಹಿಂದಿನ ಬಾಗಿಲು ತೆಗೆದಿದೆ, ಓಡು. ಹೋಗು ಅಂದೆ... ಹೋಗಲ್ವಾ? ಬೈಯೋದಾದ್ರೂ ಬೈ. ಅಮ್ಮನ್ನ ಬೈ, ಅಪ್ಪನ್ನ ಬೈ. ಥೂ, ಕಲ್ಲಿಗೆ ಹೊಡೆದ್ರೂ ಒಂದು ಸದ್ದು ಬರುತ್ತೆ.

ಹಾಗೆ ನೋಡಬೇಡ. ಹಾಗೆ ನೋಡಬೇಡ ಅಂತ ಹೇಳ್ದೆ ತಾನೆ... ಅವತ್ತೂ ಹೀಗೇ ನೋಡಿದ್ರಿ.

ಬೆಲ್ಟ್ ಹಾಕ್ಸೋಕೆ ಅಣ್ಣನ ಕಾರು ನಾನು ತಂದ ದಿನ, ಟಾರ್ಚ್ ಬಿಟ್ಟು ತೋರಿಸಿದ್ರಿ. ಪಂಪಿನ ಕೆಳಗೆ ನೀರು ಜಿನುಗ್ತಿತ್ತು. ಬೆರಳಲ್ಲಿ ಅಲ್ಲಾಡಿಸಿ ತೋರಿಸಿದ್ರಿ. ನಾಳೆ ಬೆಳಿಗ್ಗೆ ಸರಾಯೆವೊದಿಂದ ಹೊಸದು ಬರುತ್ತೆ, ಒಂದು ದಿನ ಕಾರು ಇಲ್ಲೇ ಇರಲಿ ಫಿಕ್ರೆತ್, ಅಂದ್ರಿ. ನಂಗೆ ಸಂಜೆ ಅದೇ ಕಾರಲ್ಲಿ ಮೊಸ್ತಾರ್‌ಗೆ ಹೋಗ್ಬೇಕಿತ್ತು. ಪಂದ್ಯ ನೋಡೋಕೆ. ಫುಟ್‌ಬಾಲ್ ಪಂದ್ಯ ಮೇಸ್ತ್ರಿ, ಅದರಲ್ಲಿ ಒಂದು ಗೋಲೂ ಬರಲಿಲ್ಲ. ಇನ್ನೊಂದು ವರ್ಷ ಓಡುತ್ತೆ, ಮುಚ್ಚಿ ಅಂದೆ. ಮೂರು ಸಲ ಬೇಡ ಅಂದ್ರಿ. ಮುಚ್ತೀರೋ, ಹಾಗೇ ಎಳ್ಕೊಂಡು ಹೋಗ್ಲೋ ಅಂದೆ. ಮಾರನೇ ದಿನ ಅಣ್ಣ ಕೇಳ್ದ, ಎರಡೂ ಹಾಕ್ಸಿದ್ಯಾ ಅಂತ. ಹ್ಞೂಂ, ಎರಡೂ ಹೊಸದು ಅಂದೆ. ಭುಜ ತಟ್ಟಿ ಹೋದ.

ಹೇಳಿ ಅದನ್ನ. ಫಿಕ್ರೆತ್ ಮುಚ್ಚು ಅಂದ ಅಂತ ಹೇಳಿ. ಹೇಳಿದ್ರೆ ಸುಳ್ಳ ಅಂತ ಸಾಯ ಬಡಿಯೋಣ ಅಂತಲೇ ಬಂದಿದ್ದು ನಾನು. ಯಾರಿಗೂ ಹೇಳಲ್ವಾ? ನಮ್ಮಮ್ಮನಿಗೂ? ನೀವು ಹೇಳದಿದ್ರೆ ಅದು ನನ್ನ ಹೊಟ್ಟೆಯೊಳಗೇ ಉಳಿದುಬಿಡುತ್ತಲ್ರೀ... ನಾನು ಹೇಗೆ ಬದುಕಲಿ?

ಬಂದ್ರು. ಮೂರು ಜನಾನೂ ಬಂದಿದಾರೆ, ಕೈಯಲ್ಲಿ ಸಲಾಕಿ ಇದೆ. ನೀವು ಒಳಗೇ ಇರಿ. ಮುಚ್ಚು ಅಂದೋನು ನಾನು ಅಂತ ನಾನೇ ಹೋಗಿ ಹೇಳ್ತೀನಿ.

ತೋಳು ಬಿಡಿ ಮೇಸ್ತ್ರಿ. ಬಿಡಿ, ಹೋಗ್ಬೇಕು ನಾನು.