ನಾನು ಕಳೆದುಬಿಟ್ಟ ಜೋಡಿಗಳು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಊಟದ ಕೋಣೆಗೆ ಹತ್ತಿರದ ಕುರ್ಚಿಗಳನ್ನೇ ಹುಡುಕಿ ಕೂತಿರುವ ದೂರದೃಷ್ಟಿಯ ಸಭಿಕರೇ,

ಇಂದು ನಿವೃತ್ತರಾಗುತ್ತಿರುವ, ನನ್ನ ಎಡಕ್ಕೆ ಕೂತಿರುವ ಮೇಡಂ ಬಗ್ಗೆ ಐದು ನಿಮಿಷ ಮಾತಾಡಿ ಎಂದು ನಿರ್ದೇಶಕರು ಹೇಳಿದ್ದಾರೆ. ಯಾವ ನೆಲೆಯಲ್ಲಿ ಎಂದು ಹೇಳಲಿಲ್ಲ. ಹೊಸಬರಿಗೆ ತಿಳಿದಿರಲಿಕ್ಕಿಲ್ಲ: ಅವರು ನನ್ನ ಸಹೋದ್ಯೋಗಿ. ಹೆಂಡತಿಯೂ ಹೌದು. ಹೌದೆಂದೇ ಅಂದುಕೊಂಡಿದ್ದೇನೆ, ಹತ್ತೊಂಬತ್ತು ವರ್ಷಗಳಿಂದ ಅವರು ಎರಡು ಬೀದಿ ಆಚೆ ಬೇರೆ ಮನೆಯಲ್ಲಿದ್ದಾರೆ, ಆದರೆ ನಾವು ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ಹಾಗಾದರೆ ನಾವೀಗ ಏನು? ಭೌತಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ನನ್ನಲ್ಲೂ ಇಲ್ಲ.

ವಿಷಯಕ್ಕೆ ಬರುತ್ತೇನೆ. ಕ್ವಾರ್ಕ್ ಎಂಬ ಅತಿ ಸಣ್ಣ ಮೂಲಕಣದಲ್ಲಿ ಭಾರವಾದ ಒಂದು, ವಿರುದ್ಧ ವಿದ್ಯುದಂಶದ ಅದರ ಪ್ರತಿಕ್ವಾರ್ಕ್, ಎರಡೂ ಜೋಡಿಯಾಗಿ ಇರುವುದುಂಟು. ದೊಡ್ಡ ಪರಮಾಣು ಬೀಜಗಳು ಡಿಕ್ಕಿ ಹೊಡೆದಾಗ ಹುಟ್ಟುವ ವಿಪರೀತ ಬಿಸಿಯಲ್ಲಿ ಈ ಜೋಡಿ ಏನಾಗುತ್ತದೆ? ಕಿಕ್ಕಿರಿದ ರೈಲು ನಿಲ್ದಾಣದಲ್ಲಿ ಕೈ ಹಿಡಿದ ಗಂಡ-ಹೆಂಡತಿಯ ನಡುವೆ ಜನ ನುಗ್ಗಿದಂತೆ. ಸಡಿಲವಾಗಿ ಹಿಡಿದವರು ಮೊದಲು ಬೇರೆಯಾಗುತ್ತಾರೆ. ಗಟ್ಟಿಯಾಗಿ ಹಿಡಿದವರು ಉಳಿಯಬಹುದು. ಬಿಸಿ ಆರುವಾಗ ಬೇರೆಯಾದವರೂ ಮತ್ತೆ ಕೂಡಬಹುದು. ನಮ್ಮ ಯಂತ್ರಕ್ಕೆ ಕಾಣುವುದು ಕೊನೆಗೊಂದು ಜೋಡಿ ಇತ್ತು ಎಂಬುದಷ್ಟೇ. ಉಳಿದದ್ದೋ, ಮತ್ತೆ ಕೂಡಿದ್ದೋ? ಹಣೆಯ ಮೇಲೆ ಬರೆದಿರುವುದಿಲ್ಲ.

ಜೋಡಿ ಸಿಡಿದು ಹೊಮ್ಮುವ ಎರಡು ಕಣಗಳಿಂದ ನಾವು ಅದನ್ನು ಗುರುತಿಸುತ್ತೇವೆ. ಸಂಬಂಧವೇ ಇಲ್ಲದ ಎರಡು ಕಣಗಳೂ ಕೆಲವೊಮ್ಮೆ ಜೋಡಿಯಂತೆ ನಟಿಸುತ್ತವೆ. ಅಂಥವು ಎಷ್ಟೆಂದು ತಿಳಿಯಲು, ಒಂದು ಡಿಕ್ಕಿಯ ಕಣವನ್ನು ಬೇರೊಂದು ಡಿಕ್ಕಿಯ ಕಣದ ಜೊತೆ ಬೇಕೆಂದೇ ಸೇರಿಸಿ, ಸುಳ್ಳು ಜೋಡಿಗಳನ್ನು ಕಟ್ಟಿ, ಒಟ್ಟು ಲೆಕ್ಕದಿಂದ ಅಷ್ಟನ್ನು ಕಳೆಯುತ್ತೇವೆ. ಹಿಂದೊಮ್ಮೆ ನಾನು ಆತುರದಲ್ಲಿ ಒಂದೇ ಡಿಕ್ಕಿಯ ಕಣಗಳನ್ನೂ ಆ ರಾಶಿಗೆ ಸೇರಿಸಿದ್ದೆ. ಅಂದರೆ, ನಿಜವಾದ ಜೋಡಿಗಳನ್ನೇ ಸುಳ್ಳೆಂದು ಕಳೆದುಬಿಟ್ಟೆ! "ಎಲ್ಲ ಜೋಡಿಗಳೂ ಬಿಸಿಯಲ್ಲಿ ಕರಗಿಹೋಗಿವೆ" ಎಂದು ಇದೇ ಸಭಾಂಗಣದಲ್ಲಿ ಘೋಷಿಸಿದೆ. ಚಪ್ಪಾಳೆಯೂ ಬಿತ್ತು.

ಹಿಂದಿನ ಸಾಲಿನಿಂದ ಈ ಮೇಡಂ ಎರಡು ಬೆರಳು ಎತ್ತಿದರು. ತಪ್ಪು ಕಂಡರೆ ಎರಡು ಬೆರಳು ಎತ್ತುವುದು ಅವರ ಅಭ್ಯಾಸ. "ರೀ, ಆ ಸುಳ್ಳು ಜೋಡಿಗಳ ಪಟ್ಟಿ ತೋರ್ಸಿ. ನಿಜವಾದವೂ ಅದ್ರಲ್ಲಿ ಸೇರ್ಕೊಂಡಿವೆ ಅಲ್ವಾ?"

ಸಭೆ ಮೊದಲು "ರೀ" ಕೇಳಿ ನಕ್ಕಿತು. ಪಟ್ಟಿ ನೋಡಿದ ಮೇಲೆ ನನ್ನನ್ನು ನೋಡಿ ನಕ್ಕಿತು.

ಸಂಶೋಧನಾ ಪತ್ರಿಕೆಯಲ್ಲಿ ತಿದ್ದುಪಡಿ ಪ್ರಕಟಿಸಿದೆ. "ಒಬ್ಬ ಸಹೋದ್ಯೋಗಿ ಗಮನಕ್ಕೆ ತಂದರು" ಎಂದು ಬರೆದೆ. ಅಡುಗೆಮನೆಯ ಕಟ್ಟೆಗೆ ಒರಗಿ ಇವರು ಅದನ್ನು ಓದಿದರು.

"ಒಬ್ಬ ಸಹೋದ್ಯೋಗಿನಾ?"

"ಅಲ್ಲೆಲ್ಲ ಹೆಂಡತಿ ಅಂತ ಬರೀತಾರೇನೇ?"

"ಹಾಗೆ ಬರೀರಿ ಅಂದ್ನಾ? ಅದು ಯಾರು ಅಂತ ಓದಿದವರಿಗೆ ಗೊತ್ತಾಗ್ಬೇಕಿತ್ತು, ಅಷ್ಟೇ."

ಆ ಭಾನುವಾರ ಎರಡು ಸೂಟ್‌ಕೇಸ್ ಹೊರಟವು. ಹೋದದ್ದು ಆ ತಪ್ಪಿಗೋ, ಆ ಪದಕ್ಕೋ, ಅಥವಾ ನನ್ನ ಭಾಷಣದ ಹಿಂದಿನ ದಿನವೇ ಅವರು ತಪ್ಪನ್ನು ಚೀಟಿಯಲ್ಲಿ ಬರೆದು ನನ್ನ ಕನ್ನಡಕದ ಡಬ್ಬಿಯಲ್ಲಿಟ್ಟದ್ದನ್ನು ಓದದೆ ನಾನು ವೇದಿಕೆ ಹತ್ತಿದ್ದಕ್ಕೋ... ಅಯ್ಯೋ, ಇದನ್ನು ಹೇಳಬಾರದೆಂದುಕೊಂಡಿದ್ದೆ.

ಈಗ ಎರಡು ವರ್ಷದಿಂದ ನಾಲ್ಕು ಗಂಟೆಗೆ ಕ್ಯಾಂಟೀನಿನ ಒಂದೇ ಮೇಜಿನಲ್ಲಿ ಕಾಫಿ ಕುಡಿಯುತ್ತೇವೆ. ಇದು ಉಳಿದದ್ದೋ, ಮತ್ತೆ ಕೂಡಿದ್ದೋ? ಕೇಳುವ ಧೈರ್ಯವಾಗಲಿಲ್ಲ. ನಾಳೆಯಿಂದ ಅವರು ಬರುವುದಿಲ್ಲ. ನಾಲ್ಕು ಗಂಟೆ ಮಾತ್ರ ಬರುತ್ತದೆ.

ಆದ್ದರಿಂದ, ಅಧ್ಯಕ್ಷರೇ, ಇದು ದಾಖಲಾಗಲಿ: ತಪ್ಪು ನನ್ನದು, ಕಂಡುಹಿಡಿದವರು ಇವರು. ಅಂದೇ ಬರೆಯಬೇಕಾಗಿದ್ದ ಈ ವಾಕ್ಯವನ್ನು ಹತ್ತೊಂಬತ್ತು ವರ್ಷ ತಡವಾಗಿ...

ಕ್ಷಮಿಸಿ. ಮೇಡಂ ಎರಡು ಬೆರಳು ಎತ್ತಿದ್ದಾರೆ.

ಹತ್ತೊಂಬತ್ತಲ್ಲವಂತೆ. ಇಪ್ಪತ್ತೊಂದಂತೆ. ಬರುವ ಮಾರ್ಚಿಗೆ ಇಪ್ಪತ್ತೆರಡಂತೆ.

ಇವರೂ ಎಣಿಸುತ್ತಿದ್ದಾರೆಂದು ನನಗೆ ಗೊತ್ತಿರಲಿಲ್ಲ ಸಭಿಕರೇ. ತಿದ್ದುಪಡಿಯನ್ನು ಒಪ್ಪಿದ್ದೇನೆ. ತಿದ್ದಿದವರು ಒಬ್ಬ ಸಹೋದ್ಯೋಗಿಯಲ್ಲ, ಇವರು. ನಾಳೆ ನಾಲ್ಕು ಗಂಟೆಗೆ ಕಾಫಿ ಯಾರ ಮನೆಯಲ್ಲಿ ಎಂದು ಪಕ್ಕದ ಕುರ್ಚಿಗೆ ಹೋಗಿ ಕೇಳಬೇಕಾಗಿದೆ. ಇಷ್ಟು ಹೊತ್ತು ಸಹಿಸಿದ್ದಕ್ಕೆ ನಿಮಗೂ, ಇಷ್ಟು ವರ್ಷ ಎಣಿಸಿದ್ದಕ್ಕೆ ಇವರಿಗೂ ಧನ್ಯವಾದ. ನಮಸ್ಕಾರ.